ಒತ್ತು

ನನ್ನ ಮಿಷನ್ನಿನಲ್ಲಿ ಕ-ಒತ್ತು ಸವೆದು ಹದಿನಾರು ವರ್ಷ.
ಹಕ್ಕು ಅಂತ ಹೊಡೆದರೆ ಹಕು ಅಂತ ಬೀಳುತ್ತದೆ,
ಲೆಕ್ಕ ಲೆಕ ಆಗುತ್ತದೆ, ಮಕ್ಕಳು ಮಕಳು.
ಆಮೇಲೆ ನೀಲಿ ಪೆನ್ನಿನಲ್ಲಿ ಕೆಳಗೊಂದು ಕೊಕ್ಕೆ ಎಳೆಯುತ್ತೇನೆ.
ಆತುರವಿದ್ದರೆ ಅದೂ ಇಲ್ಲ.

ಸಕಲೇಶಪುರದ ಎಸಿ ಆಫೀಸಿನ ಎದುರು, ಜೆರಾಕ್ಸ್ ಅಂಗಡಿಯ ಮೆಟ್ಟಿಲಲ್ಲಿ
ಪುಟಕ್ಕೆ ಮೂವತ್ತು.
ಪಹಣಿ ತಿದ್ದುಪಡಿ, ವಂಶವೃಕ್ಷ, ಆನೆ ತುಳಿದ ಗದ್ದೆಗೆ ಪರಿಹಾರ:
ಯಾರ ಕಷ್ಟಕ್ಕೂ ಒಂದೇ ಮಾರ್ಜಿನ್ನು.

ಇವತ್ತು ಲಾಯರ್ ಮೇಬಲ್ ಬಂದರು. ಹಿಂದೆ ಬೈರಿ,
ಬೆರಳ ಸಂದಿಯಲ್ಲಿ ಕಾಫಿ ಹಣ್ಣಿನ ಕರೆ.
"ಕಾರ್ಬನ್ ಇಟ್ಟು ಮೂರು ಪ್ರತಿ, ಈರಾಚಾರ್ರೆ.
ಒಂದು ಎಸಿಗೆ, ಒಂದು ದಿಲ್ಲಿಯ ಆಯೋಗಕ್ಕೆ, ಒಂದು ಜಿನೀವಾಕ್ಕೆ."
ಜಿನೀವಾಕ್ಕೆ ಕನ್ನಡ ಬರುತ್ತಾ ಅಂದೆ.
"ನೀವು ಹೊಡೀರಿ. ಇಂಗ್ಲಿಷು ನಾನು ಹಚ್ಚುತ್ತೇನೆ."

ಹೊಡೆದೆ.
ಸಂವಿಧಾನದ ಇಪ್ಪತ್ಮೂರನೇ ವಿಧಿ: ಬಿಟ್ಟಿ ಚಾಕರಿ ನಿಷಿದ್ಧ.
ಎಪ್ಪತ್ತಾರರ ಜೀತ ಕಾಯಿದೆ.
ಲೋಕದ ಒಪ್ಪಂದದ ಎಂಟನೇ ವಿಧಿ: ಯಾರನ್ನೂ ಜೀತದಲ್ಲಿ ಇರಿಸತಕ್ಕದ್ದಲ್ಲ.
(ತಕ್ಕದ್ದಲ್ಲ ಅನ್ನುವುದಕ್ಕೂ ಅದೇ ಒತ್ತು ಬೇಕು.)
ನಮ್ಮ ದೇಶ ಎಪ್ಪತ್ತೊಂಬತ್ತರಲ್ಲೇ ಇದಕ್ಕೆ ಸೇರಿತಂತೆ.
ಆ ವರ್ಷ ಬೈರಿ ಹುಟ್ಟಿಲ್ಲ. ಲೈನ್ ಮನೆ ಹುಟ್ಟಿತ್ತು.

ನಿನಗೇನು ಬೇಕು, ನಿನ್ನ ಬಾಯಲ್ಲೇ ಹೇಳು ಅಂದರು ಮೇಬಲ್.
ಅವಳು ಬಹಳ ಹೊತ್ತು ರಿಬ್ಬನ್ನನ್ನೇ ನೋಡಿದಳು.
"ಚಿಲ್ಕ," ಅಂದಳು.
"ನಮ್ ಲೈನಲ್ಲಿ ಚಿಲ್ಕ ಎಲ್ಲಾ ಹೊರ್ಗಡೆ ಅವೆ.
ಕತ್ಲಾದ್ಮೇಲೆ ರೈಟ್ರು ಬಂದು ಹಾಕ್ಕೊಂಡ್ ಹೋಗ್ತಾರೆ.
ಒಳ್ಗಡೆ ಒಂದ್ ಚಿಲ್ಕ ಇರ್ಬೇಕು.
ನಾವ್ ಹಾಕಂಡ್ರೆ ಹಾಕಂಡಂಗೆ, ತೆಗುದ್ರೆ ತೆಗುದಂಗೆ."

ಇದನ್ನು ಯಾವ ವಿಧಿಯ ಕೆಳಗೆ ಹೊಡೆಯಲಿ?
ಮೇಬಲ್ ಪುಸ್ತಕ ತಿರುವಿದರು. ಹನ್ನೆರಡು, ಹದಿನೇಳು,
ನಮ್ಮದರಲ್ಲಿ ಇಪ್ಪತ್ತೊಂದು.
ಮುಚ್ಚಿದರು. "ಅವಳು ಹೇಳಿದ ಹಾಗೇ ಹೊಡೀರಿ."

ಆಮೇಲೆ ಚೀಲದಿಂದ ಒಂದು ಹಳೇ ಛಾಪಾ ಕಾಗದ ತೆಗೆದು
ನನ್ನ ಮುಂದಿಟ್ಟರು.
ಬೈರಿಯ ಗಂಡನ ಹೆಬ್ಬೆಟ್ಟು. ಮುಂಗಡ ಹನ್ನೊಂದು ಸಾವಿರ.
ಸದರಿ ಸಾಲ ತೀರುವ ತನಕ ಕೂಲಿಗೂ ಅವನ ಮಕಳಿಗೂ
ಎಸ್ಟೇಟು ಬಿಡುವ ಹಕು ಇರುವುದಿಲ್ಲ.

ಮಕಳಿಗೂ. ಹಕು.
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು.
ಹದಿನಾಲ್ಕು ವರ್ಷದ ಹಿಂದೆ, ಇದೇ ಕುರ್ಚಿ, ಪುಟಕ್ಕೆ ಎಂಟು ರೂಪಾಯಿ.
ಪೆನ್ನಿನ ಕೊಕ್ಕೆ ಕೂಡ ಹಾಕಿಲ್ಲ;
ಬರೆಸಿದವರ ಜೀಪು ಸ್ಟಾರ್ಟಾಗೇ ಇತ್ತು.

"ಇದು ಯಾವ ಮಿಷನ್ನಿನ ಅಕ್ಷರ ಅಂತ ಎಸಿ ಕೇಳ್ತಾರೆ.
ನೀವು ಬಂದು ಹೇಳಬೇಕಾಗುತ್ತೆ."
ಬೈದ ಹಾಗಲ್ಲ, ವಾಯಿದೆಯ ತಾರೀಕು ಹೇಳಿದ ಹಾಗೆ.
ನಾನು ಟೈಪಿಸ್ಟು, ಹೇಳಿದ್ದು ಹೊಡೆಯುವವನು,
ಅನ್ನುವ ಮಾತು ನಾಲಿಗೆ ತನಕ ಬಂತು.
ಅಲ್ಲಿ ಸವೆದಿತ್ತು.
ಹೂಂ ಅಂದೆ.

ಪೆನ್ನು ಹಿಡಿದು ಕೂತೆ. ಪ್ರತಿಯೊಂದರಲ್ಲೂ ಹತ್ತೊಂಬತ್ತು ಕಡೆ,
ಎಸಿಯದಕ್ಕೆ, ದಿಲ್ಲಿಯದಕ್ಕೆ, ಜಿನೀವಾದ್ದಕ್ಕೆ.
ಬೈರಿ ಬಗ್ಗಿ ನೋಡಿದಳು, ಅನುಮಾನದಲ್ಲಿ.
"ಇದೇನಣ್ಣ, ನಮ್ ಅರ್ಜಿಗೂ ಕೊಕ್ಕೆ ಹಾಕ್ತಿದೀಯ?"
ಇದು ಒಳಗಡೆಯ ಕೊಕ್ಕೆ ಕಣವ್ವ ಅಂದೆ.
ಅವಳು ನಂಬಿದಳೋ ಇಲ್ಲವೋ.

ಮೂರು ಪುಟ, ತೊಂಬತ್ತು ರೂಪಾಯಿ. ದುಡ್ಡು ಬೇಡ ಬಿಡು ಅಂದೆ.
ಸೆರಗಿನ ಗಂಟು ಬಿಚ್ಚುತ್ತಿದ್ದವಳು ತಲೆಯೆತ್ತಿದಳು.
"ಬಿಟ್ಟಿ ಬ್ಯಾಡ. ನೀನೇ ಈಗ ಹೊಡ್ದಲ್ಲ, ಬಿಟ್ಟಿ ಕೂಡ್ದು ಅಂತವ."
ನೋಟು, ಚಿಲ್ಲರೆ, ಒಂದೊಂದೇ ಇಟ್ಟಳು.
ನಾನೂ ಎಣಿಸಿದೆ.
ಒಂದು ರೂಪಾಯಿ ಜಾಸ್ತಿ ಬಂದಿತ್ತು.
ಕೈ ಚಾಚಿ ಇಸ್ಕೊಂಡಳು.